ಪುಡಿ ಹಚ್ಚಿದ ಟ್ಯೂಬು

ಚಕ್ರದ ಮೇಷ್ಟ್ರ ಬಾಯಲ್ಲಿ ಇಲ್ಲ ಎನ್ನುವ ಮಾತನ್ನು ಕೇಳಿದವರೇ ಇಲ್ಲ. ಅವರ ಸೈಕಲ್ ಅಂಗಡಿಗೆ ಬಂದ ಗಿರಾಕಿ ಏನೇ ಹೇಳಲಿ, ಮನೆಯಲ್ಲಿ ಹೆಂಡತಿ ಏನೇ ಹೇಳಲಿ, ತಲೆಯಾಡಿಸಿ "ಆಯ್ತು" ಅನ್ನುತ್ತಿದ್ದರು. ಎಂಥ ಸಮಾಧಾನದ ಮನುಷ್ಯ, ಒಂದು ಗಟ್ಟಿ ದನಿ ಇಲ್ಲ, ಒಂದು ಜಗಳ ಇಲ್ಲ, ಪುಣ್ಯ ಮಾಡಿದ್ದೀಯ ಕಣಮ್ಮ ಎಂದು ಅಕ್ಕಪಕ್ಕದ ಹೆಂಗಸರು ಅವರ ಹೆಂಡತಿಗೆ ಹೇಳುತ್ತಿದ್ದರು. ಪುಣ್ಯವಂತೆ, ಪುಣ್ಯ! ಜೊತೆಗೆ ಸಂಸಾರ ಮಾಡಿದ್ದರೆ ಗೊತ್ತಾಗುತ್ತಿತ್ತು.

ಅಡುಗೆಮನೆ ಗೋಡೆಗೆ ತಿಳಿನೀಲಿ ಹೊಡೆಸಿ ಎಂದಳು ಒಮ್ಮೆ. ಆಯ್ತು ಅಂದರು. ಸಂಜೆ ಕೆಲಸ ಮುಗಿಸಿ ಬಂದು ನೋಡಿದರೆ ಗೋಡೆ ಕೆನೆಬಣ್ಣ. "ನೀಲಿ ಬೇಗ ಕೊಳೆ ಕಾಣುತ್ತೆ, ಒರೆಸೋಳು ನೀನೇ ಅಲ್ವಾ, ನಿನಗೇ ಒಳ್ಳೇದು ಅಂತ" ಅಂದರು. ಮಗಳನ್ನು ಚಿತ್ರಕಲೆಯ ಶಾಲೆಗೆ ಸೇರಿಸಬೇಕು ಎಂದು ತಾಯಿ ಮಗಳು ಕೂತು ತೀರ್ಮಾನ ಮಾಡಿದರು. ಅದಕ್ಕೂ ಆಯ್ತು. ಸೇರಿಸಿ ಬರುತ್ತೇನೆ ಎಂದು ಹೋದವರು ಲೆಕ್ಕಪತ್ರದ ಕಾಲೇಜಿಗೆ ಸೇರಿಸಿ ಬಂದರು. ಆ ಹುಡುಗಿ ಈಗ ಬೇರೆ ಊರಿನ ಯಾವುದೋ ಆಫೀಸಿನಲ್ಲಿ ಕೂತು ಯಾರದೋ ಲೆಕ್ಕ ಬರೆಯುತ್ತಾಳೆ. ಬಣ್ಣದ ಪೆಟ್ಟಿಗೆ ಮಂಚದ ಕೆಳಗೆ ಒಣಗಿಹೋಗಿದೆ.

ಜಗಳ ಆಡೋಣ ಅಂದರೆ ಯಾರ ಜೊತೆ ಆಡುವುದು? ಬೇಡ ಅಂದವರ ಜೊತೆ ಆಡಬಹುದು, ಬೈದವರ ಜೊತೆ ಆಡಬಹುದು. ಆಯ್ತು ಅಂದವರ ಜೊತೆ ಜಗಳಕ್ಕೆ ಇಳಿದರೆ ನೋಡಿದವರು ಇವಳಿಗೇ ತಲೆ ಕೆಟ್ಟಿದೆ ಅನ್ನುತ್ತಾರೆ. ಹಾಗಾಗಿ ಅವಳು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಳು. ಮುಂಜಾನೆ ಎದ್ದು ಆಸ್ಪತ್ರೆಯ ಲಾಂಡ್ರಿಗೆ ಹೋಗುತ್ತಿದ್ದಳು. ಹಾಸಿಗೆಯ ಬಟ್ಟೆ, ಆಪರೇಷನ್ ಕೋಣೆಯ ಹಸಿರು ಬಟ್ಟೆ, ಎಲ್ಲವೂ ಬಂದು ಬೀಳುವುದು ಅಲ್ಲಿಗೇ. ಹಬೆ, ಸೋಪಿನ ನೀರು, ಮನುಷ್ಯರಷ್ಟು ಉದ್ದದ ಇಸ್ತ್ರಿ ಉರುಳೆ. ಒದ್ದೆ ಬಟ್ಟೆ ಎತ್ತಿ ಎತ್ತಿ ಅವಳ ಸೊಂಟ ಹಿಡಿದುಕೊಂಡಿತು. ಈಜಿದರೆ ಸರಿಹೋಗುತ್ತದೆ ಎಂದರು ಡಾಕ್ಟರು. ನಲವತ್ತು ದಾಟಿದ ಹೆಂಗಸು ಈಜುಕೊಳಕ್ಕೆ ಇಳಿದದ್ದು ಹಾಗೆ.

ಈಜಿನಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಓಟಕ್ಕೆ ಅದು ಹೇಗೆ ಬೆಳೆಯಿತೋ ಅವಳಿಗೇ ತಿಳಿಯದು. ಮೂರನ್ನೂ ಒಂದರ ಹಿಂದೊಂದು ಮಾಡುವ ಟ್ರಯಥ್ಲಾನ್ ಎಂಬ ಸ್ಪರ್ಧೆ ಇದೆ ಎಂದು ಈಜುಕೊಳದಲ್ಲಿ ಪರಿಚಯವಾದ ಕೋಚ್ ಹುಡುಗಿ ಹೇಳಿದಳು. ಮೊದಲ ಸಲ ಸ್ಪರ್ಧೆ ಮುಗಿಸಿ ಬಂದಾಗ ಲಾಂಡ್ರಿಯವರು ಚಪ್ಪಾಳೆ ತಟ್ಟಿ ಓಟದಕ್ಕ ಎಂದು ಹೆಸರಿಟ್ಟರು. "ಓಟದಕ್ಕಾ, ಮೂರನೇ ಯಂತ್ರದಲ್ಲಿ ಬಟ್ಟೆ ಸಿಕ್ಕಾಕ್ಕೊಂಡಿದೆ, ಓಡ್ಬಾ!" ಎಂದು ದಿನವಿಡೀ ಅದೇ ತಮಾಷೆ. ಅವಳಿಗೆ ಅದು ಇಷ್ಟವೇ ಆಗಿತ್ತು. ಯಾಕೆಂದರೆ ಆ ಹೆಸರು ಅವಳು ಸ್ವಂತ ಸಂಪಾದಿಸಿದ್ದು. ನೀರಿಗೆ ಇಳಿದ ಮೇಲೆ ಕೊನೆಯ ಗೆರೆ ದಾಟುವ ತನಕ ಅವಳ ಪರವಾಗಿ ಯಾರೂ ಏನೂ ತೀರ್ಮಾನ ಮಾಡುವ ಹಾಗಿರಲಿಲ್ಲ.

ಮೇಷ್ಟ್ರದ್ದೂ ಪಾಲಿತ್ತು, ಸುಳ್ಳು ಹೇಳಬಾರದು. ಅವಳ ಸೈಕಲ್ಲನ್ನು ಒಂದೊಂದೇ ಭಾಗ ಹುಡುಕಿ ತಂದು ಜೋಡಿಸಿದವರು ಅವರೇ. ಸ್ಪರ್ಧೆಯ ದಿನಕ್ಕೆಂದೇ ಬೇರೆ ಚಕ್ರ ಕಟ್ಟಿಕೊಟ್ಟಿದ್ದರು. ಬಟ್ಟೆಯ ಚೀಲದಲ್ಲಿ ಸುತ್ತಿ ಗೋಡೆಗೆ ತೂಗುಹಾಕುವ ಹಗುರ ಚಕ್ರಗಳು ಅವು. ಆ ಚಕ್ರಗಳಿಗೆ ಅವರು ಹಾಕುತ್ತಿದ್ದದ್ದು ಲೇಟೆಕ್ಸ್ ಟ್ಯೂಬು. ತೆಳ್ಳಗೆ ಗುಲಾಬಿ ಬಣ್ಣದ ರಬ್ಬರು, ಮುಟ್ಟಿದರೆ ಚರ್ಮದ ಹಾಗೆ ಮೆತ್ತಗೆ. ರಸ್ತೆಯ ಮೇಲೆ ಬಲು ಸಲೀಸಾಗಿ ಉರುಳುತ್ತದೆ. ಆದರೆ ತುಂಬಿದ ಗಾಳಿ ರಾತ್ರಿ ಕಳೆಯುವುದರೊಳಗೆ ತಾನಾಗಿ ಸೋರಿ ಇಳಿದಿರುತ್ತದೆ, ಬೆಳಿಗ್ಗೆ ಮತ್ತೆ ತುಂಬಬೇಕು. ಹಾಕುವಾಗ ಸ್ವಲ್ಪ ಅತ್ತಿತ್ತ ಆದರೂ ಟೈರಿನ ಅಂಚಿಗೆ ಸಿಕ್ಕಿ ಹರಿಯುತ್ತದೆ. ಮೇಷ್ಟ್ರು ಅದಕ್ಕೆ ಹಸುಗೂಸಿಗೆ ಹಚ್ಚುವ ಹಾಗೆ ಪೌಡರ್ ಹಚ್ಚಿ, ಒಂದು ಉಸಿರು ಗಾಳಿ ತುಂಬಿ, ಬೆರಳಿನಿಂದ ಸುತ್ತಲೂ ಒತ್ತಿ ನೋಡಿ ಟೈರಿನೊಳಗೆ ಮಲಗಿಸುತ್ತಿದ್ದರು. ಆ ಕೆಲಸದಲ್ಲಿ ಅವರನ್ನು ಮೀರಿಸುವವರು ಸುತ್ತಮುತ್ತ ಯಾರೂ ಇರಲಿಲ್ಲ. ಅದು ಅವರಿಗೂ ಚೆನ್ನಾಗಿ ಗೊತ್ತಿತ್ತು.

ಹೋದ ವರ್ಷದ ಸ್ಪರ್ಧೆಯಲ್ಲಿ ಅದೇ ಟ್ಯೂಬು ಕೈಕೊಟ್ಟಿತು. ಅವಳ ವಯಸ್ಸಿನ ಹೆಂಗಸರಲ್ಲಿ ಮೊದಲ ಇಬ್ಬರಿಗೆ ಸಮುದ್ರದಾಚೆಯ ದೊಡ್ಡ ಸ್ಪರ್ಧೆಗೆ ಹೋಗುವ ಅವಕಾಶ. ಅವಳು ಎರಡನೆಯವಳಾಗಿ ಸೈಕಲ್ ತುಳಿಯುತ್ತಿದ್ದಾಗ ಒಂದು ಗಾಜಿನ ಚೂರು ಚುಚ್ಚಿತು. ರಸ್ತೆ ಬದಿ ಕೂತು, ಟೈರು ಬಿಚ್ಚಿ ಟ್ಯೂಬು ಬದಲಿಸಿ ಎದ್ದಾಗ ಇನ್ನೊಬ್ಬಳು ದಾಟಿ ಹೋಗಿದ್ದಳು. ಮೂರನೆಯವಳಾಗಿ ಮುಗಿಸಿದಳು. ಮೂರನೆಯವಳಿಗೆ ಕೈಕುಲುಕಿ ಕಳಿಸುತ್ತಾರೆ, ಅಷ್ಟೆ.

ಈ ವರ್ಷ ಬಿಟ್ಟರೆ ಇನ್ನಿಲ್ಲ ಎನ್ನುವುದೂ ಗೊತ್ತಾಗಿತ್ತು. ಮಂಡಿ ಸವೆದಿದೆ, ಇದೊಂದು ಸ್ಪರ್ಧೆ ಓಡಿಕೊಳ್ಳಿ, ಆಮೇಲೆ ಓಟಕ್ಕೆ ಎಳ್ಳುನೀರು ಬಿಡಿ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಆಗ ಕೋಚ್ ಹುಡುಗಿ ಟ್ಯೂಬ್‌ಲೆಸ್ ವಿಷಯ ತೆಗೆದಳು.

"ಟ್ಯೂಬೇ ಬೇಡ ಅಕ್ಕಾ. ಟೈರು ನೇರ ರಿಮ್ಮಿಗೆ ಕಚ್ಚಿಕೊಳ್ಳುತ್ತೆ, ಒಳಗೆ ಹಾಲಿನ ಥರ ಸೀಲಂಟ್ ಇರುತ್ತೆ. ಸಣ್ಣ ತೂತಾದ್ರೆ ಅದೇ ಓಡಿಹೋಗಿ ಮುಚ್ಚಿಬಿಡುತ್ತೆ, ನಿಮಗೆ ಗೊತ್ತೂ ಆಗಲ್ಲ. ದೊಡ್ಡ ತೂತಾದ್ರೆ ಈ ರಬ್ಬರ್ ಎಳೆ ಚುಚ್ಚಿ ಹೊರಟುಬಿಡಿ. ಟೈರು ಬಿಚ್ಚೋ ಗೋಳೇ ಇಲ್ಲ."

ಅವಳು ಹಗಲೂ ಇರುಳೂ ಯೋಚಿಸಿದಳು. ಲೇಟೆಕ್ಸ್ ಹಾಕಿದರೆ ಬಿಡಿ ಟ್ಯೂಬು ಬೆನ್ನಿಗೆ ಕಟ್ಟಿಕೊಂಡು ಹೋಗಬೇಕು, ಮುಳ್ಳು ಚುಚ್ಚಿದರೆ ಕೂತು ಬಿಚ್ಚಬೇಕು. ಟ್ಯೂಬ್‌ಲೆಸ್ ಆದರೆ ರಬ್ಬರ್ ಎಳೆ, ಅದನ್ನು ಚುಚ್ಚುವ ಕಡ್ಡಿ, ಟೈರಿಗೆ ಗಾಳಿ ತುಂಬುವ ಬೆರಳುದ್ದದ ಗ್ಯಾಸ್ ಕೊಳವೆ ಸಾಕು. ಟೈರು ಉದ್ದಕ್ಕೆ ಸೀಳಿಹೋದರೆ ಅಲ್ಲಿಗೆ ಕಥೆ ಮುಗಿಯಿತು, ಅದು ತನ್ನ ಹಣೆಬರಹ ಎಂದು ಒಪ್ಪಿಕೊಂಡಳು. ತಾನೇ ಹೋಗಿ ಟ್ಯೂಬ್‌ಲೆಸ್ ಟೈರು, ವಾಲ್ವು, ಆ ಸೀಲಂಟ್ ಹಾಲಿನ ಡಬ್ಬಿ ಎಲ್ಲ ತಂದು ಅಂಗಡಿಯ ಮೇಜಿನ ಮೇಲೆ ಇಟ್ಟಳು.

"ರೀ, ಈ ಸಲ ಟ್ಯೂಬ್ ಬೇಡ. ಇದನ್ನ ಹಾಕಿ."

ಮೇಷ್ಟ್ರು ಡಬ್ಬಿಯನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಇಲಿ ನೋಡುವ ಹಾಗೆ ನೋಡಿದರು. "ಇದರ ಗಲೀಜು ನಿನಗೆ ಗೊತ್ತಿಲ್ಲ. ಮೊನ್ನೆ ಒಬ್ಬನ ಟೈರು ಇಲ್ಲೇ ರಿಮ್ಮಿಂದ ಎಗರಿ ಗೋಡೆಯೆಲ್ಲ ಹಾಲು. ಇಳಿಜಾರಲ್ಲಿ ನೀನು ಹೋಗ್ತಿರುವಾಗ ಹಾಗಾದ್ರೆ? ಹಲ್ಲು ಉಳಿಯುತ್ತಾ?"

"ಗಾಳಿ ಹೆಚ್ಚು ತುಂಬಿದ್ರೆ ತಾನೆ? ಕೋಚ್ ಎಷ್ಟು ತುಂಬಬೇಕು ಅಂತ ಹೇಳಿದ್ದಾಳೆ."

"ಕೋಚು! ಆ ಹುಡುಗಿ ಕಣ್ಣು ಬಿಡೋಕ್ಕೆ ಮುಂಚೆಯಿಂದ ಚಕ್ರ ಕಟ್ತಿದ್ದೀನಿ ನಾನು."

"ತುಳಿಯೋಳು ನಾನು ರೀ. ಹೋದ ಸಲ ರಸ್ತೆ ಬದಿ ಕೂತೋಳೂ ನಾನೇ."

ಅವರು ಡಬ್ಬಿಯನ್ನು ಕೆಳಗಿಟ್ಟು "ಆಯ್ತು" ಅಂದರು.

ಅವಳು ಮೋಸಹೋದದ್ದು ಅಲ್ಲೇ. ಯಾವತ್ತೂ ಬಾಯಿಬಿಡದವರು ಇವತ್ತು ವಾದ ಮಾಡಿದರಲ್ಲ, ವಾದ ಮಾಡಿ ಸೋತು ಒಪ್ಪಿದರಲ್ಲ, ಹಾಗಾದರೆ ಈ ಸಲದ ಆಯ್ತು ನಿಜವಾದ ಆಯ್ತು ಎಂದುಕೊಂಡಳು. ಅಷ್ಟೇ ಅಲ್ಲ, ಮನಸ್ಸಿನಲ್ಲೇ ಹಿಗ್ಗಿದಳು. ಲಾಂಡ್ರಿಯಲ್ಲಿ ಜೊತೆಯವಳಿಗೆ "ನಮ್ಮೆಜಮಾನ್ರು ನನ್ನ ಮಾತು ಕೇಳಿದ್ರು ಕಣೇ" ಎಂದು ಹೇಳಿಕೊಂಡಳು. ಪಾಪ.

ಚಕ್ರಗಳು ತಯಾರಾದವು. ಒಮ್ಮೆ ತುಳಿದು ನೋಡಿ ಬರುತ್ತೇನೆ ಎಂದು ಹೋದವಳು ಮುಖ ಅರಳಿಸಿಕೊಂಡು ಬಂದಳು. "ಬೆಣ್ಣೆ ಹಾಗೆ ಹೋಗುತ್ತೆ ರೀ! ಹೇಳ್ಲಿಲ್ವಾ ನಾನು, ಟ್ಯೂಬ್‌ಲೆಸ್ ಅಂದ್ರೆ ಹೀಗಿರುತ್ತೆ ಅಂತ?"

ಮೇಷ್ಟ್ರು ಮೀಸೆಯಡಿ ನಕ್ಕು ಕೈ ಒರೆಸಿಕೊಂಡರು.

ಸ್ಪರ್ಧೆಯ ಹಿಂದಿನ ದಿನವೇ ಸೈಕಲ್ಲನ್ನು ಮೈದಾನದ ಕಂಬಿಗೆ ತೂಗುಹಾಕಿ ಬರಬೇಕೆಂಬ ನಿಯಮ. ಕೋಚ್ ಹುಡುಗಿ ಬಂದು ಚಕ್ರವನ್ನು ಮುಟ್ಟಿ ನೋಡಿ, "ಅಲ್ಲಾಡಿಸಿದ್ರೆ ಒಳಗೆ ಹಾಲು ಬುಳುಬುಳು ಅನ್ಬೇಕು, ಕೇಳಿಸ್ಕೊಂಡ್ರಾ?" ಎಂದಳು. ಪಕ್ಕದಲ್ಲೇ ಧ್ವನಿವರ್ಧಕ ಅರಚುತ್ತಿತ್ತು. ಓಟದಕ್ಕ ಕಿವಿಯಿಟ್ಟು ಅಲ್ಲಾಡಿಸಿದಳು, ಏನೂ ಕೇಳಿಸಲಿಲ್ಲ. ಈ ಗದ್ದಲದಲ್ಲಿ ನನ್ನ ಮಾತೇ ನನಗೆ ಕೇಳಿಸುತ್ತಿಲ್ಲ, ಹಾಲಿನ ಮಾತು ಕೇಳಿಸುತ್ತದಾ ಎಂದು ನಕ್ಕಳು. ಮೇಷ್ಟ್ರು ಹೊರಡುವಾಗ ಹೇಳಿದರು: "ಬೆಳಿಗ್ಗೆ ಗಾಳಿ ನೋಡ್ಕೋ. ಮರೀಬೇಡ."

ಬೆಳಿಗ್ಗೆ ನೋಡಿದರೆ ಟೈರು ಮೆತ್ತಗಾಗಿತ್ತು. ಹೊಸ ಟೈರು, ಹಾಲು ಇನ್ನೂ ಸರಿಯಾಗಿ ಕೂತಿಲ್ಲವೇನೋ ಎಂದುಕೊಂಡು ಪಂಪು ಒತ್ತಿದಳು. ಗಂಡ ಎಷ್ಟು ಮುಂದಾಲೋಚನೆಯಿಂದ ಹೇಳಿ ಕಳಿಸಿದ್ದಾರೆ ಎಂದು ಮನಸ್ಸು ತುಂಬಿಬಂತು ಬೇರೆ.

ನೀರಿನಲ್ಲಿ ಅವಳು ಚೆನ್ನಾಗಿಯೇ ಈಜಿದಳು. ಸೈಕಲ್ಲಿನ ಮೇಲೆ ಒಬ್ಬೊಬ್ಬರನ್ನೇ ಹಿಂದೆ ಹಾಕಿದಳು. ತಿರುವಿನಲ್ಲಿ ನಿಂತಿದ್ದ ಕೋಚ್ ಹುಡುಗಿ ಎರಡು ಬೆರಳು ತೋರಿಸಿ "ಎರಡನೇದು ಅಕ್ಕಾ, ಎರಡನೇದು! ಹಾಗೇ ಹಿಡ್ಕೊಳ್ಳಿ!" ಎಂದು ಕುಣಿದಳು. ಮೊದಲನೆಯವಳ ಬೆನ್ನು ದೂರದಲ್ಲಿ ಕಾಣುತ್ತಿತ್ತು, ಅದರ ಚಿಂತೆ ಅವಳಿಗಿರಲಿಲ್ಲ. ಎರಡು ಸಾಕು. ಮಂಡಿ ಇನ್ನೂ ಸುಮ್ಮನಿತ್ತು. ಬದುಕಿನಲ್ಲಿ ಒಂದು ಸಲವಾದರೂ ತಾನು ಆರಿಸಿಕೊಂಡದ್ದು ತನ್ನನ್ನು ಹೊತ್ತು ಹೋಗುತ್ತಿದೆ ಎಂದು ಅವಳಿಗೆ ಅನ್ನಿಸಿತು. ಜೋರಾಗಿ ಕೂಗಿಬಿಡೋಣ ಅನ್ನುವಷ್ಟು ಸಂತೋಷವಾಗಿತ್ತು.

ರಸ್ತೆ ರಿಪೇರಿ ಮಾಡಿದ್ದ ಜಾಗವೊಂದರಲ್ಲಿ ಹಿಂದಿನ ಚಕ್ರ ಟಿಕ್ ಎಂದಿತು. ಆಮೇಲೆ ಉಸ್ ಎಂದು ಉಸಿರು ಬಿಡತೊಡಗಿತು.

ಅವಳು ಹೆದರಲಿಲ್ಲ. ಈಗ ಹಾಲು ಓಡಿಬರುತ್ತದೆ, ಮುಚ್ಚುತ್ತದೆ ಎಂದು ಕಾದಳು. ಮುಚ್ಚಲಿಲ್ಲ. ಇಳಿದು ನೋಡಿದಳು, ತಂತಿಯ ಚೂರೊಂದು ನಾಟಿಕೊಂಡಿತ್ತು. ಅದನ್ನು ಕಿತ್ತು, ಕೋಚ್ ಕಲಿಸಿದ ಹಾಗೆ ರಬ್ಬರ್ ಎಳೆಯನ್ನು ಕಡ್ಡಿಗೆ ಸಿಕ್ಕಿಸಿ ತೂತಿನೊಳಗೆ ತುರುಕಿದಳು. ಅಷ್ಟರಲ್ಲಿ ಮೂರನೆಯವಳು ಹತ್ತಿರ ಬಂದಳು. ಹಳೆಯ ಪರಿಚಯ, ಒಳ್ಳೆಯ ಹೆಂಗಸು. ವೇಗ ತಗ್ಗಿಸಿ ಕೂಗಿದಳು: "ಟ್ಯೂಬ್ ಬೇಕೇನ್ರೀ? ನನ್ನತ್ರ ಎರಡಿದೆ!"

"ಬೇಡ ಬೇಡ, ನೀವು ಹೋಗಿ! ಇದು ಟ್ಯೂಬ್‌ಲೆಸ್ಸು!" ಎಂದಳು ಓಟದಕ್ಕ. ಅದರಲ್ಲಿ ಸ್ವಲ್ಪ ಜಂಬವೂ ಇತ್ತು.

ಗ್ಯಾಸ್ ಬಿಟ್ಟಳು. ಟೈರು ಉಬ್ಬಿತು, ಹಾಗೇ ಕುಸಿಯಿತು. ಇನ್ನೊಂದು ಎಳೆ ತುರುಕಿದಳು. ಕಡ್ಡಿಯ ಜೊತೆ ಒಂದು ಹನಿಯಾದರೂ ಬಿಳಿ ಹಾಲು ಹೊರಗೆ ಬರಬೇಕಿತ್ತು, ಕಡ್ಡಿ ಒಣಒಣವಾಗೇ ಬಂತು. ಉಳಿದಿದ್ದ ಗ್ಯಾಸನ್ನೂ ಬಿಟ್ಟಳು. ಅದೂ ನೀರಲ್ಲಿ ಹೋಮ. ಹೆಬ್ಬೆರಳುಗಳನ್ನು ಟೈರಿನ ಅಂಚಿಗೆ ಕೊಟ್ಟು, ಉಗುರು ಕಿತ್ತುಬರುವ ಹಾಗೆ ಎಳೆದು ಬಿಚ್ಚಿದಳು.

ಒಳಗೆ ಗುಲಾಬಿ ಬಣ್ಣದ ಟ್ಯೂಬು ಮಲಗಿತ್ತು. ಮೈತುಂಬ ಪೌಡರು. ಅವಳ ಮನೆಯ ಕನ್ನಡಿಯ ಮುಂದೆ ಇರುವ, ದಿನಾ ಸ್ನಾನ ಮಾಡಿ ಅವಳು ಹಚ್ಚಿಕೊಳ್ಳುವ ಪೌಡರಿನ ವಾಸನೆ ಘಮ್ಮೆಂದು ಮೂಗಿಗೆ ಬಡಿಯಿತು. ತಂತಿಯ ತೂತಿನ ಪಕ್ಕದಲ್ಲೇ ಅವಳ ಕಡ್ಡಿ ಚುಚ್ಚಿದ ತೂತುಗಳು.

ಅವಳು ಅಳಲಿಲ್ಲ. ಅಳು ಬರುವುದಕ್ಕೆ ಮೊದಲು ಮೈ ಉರಿದುಹೋಯಿತು. ಮೀಸೆಯಡಿಯ ಆ ನಗು ನೆನಪಾಯಿತು. ಬೆಣ್ಣೆ ಹಾಗೆ ಹೋಗುತ್ತೆ ರೀ ಎಂದು ತಾನು ಕುಣಿದಾಗ ಆ ಮನುಷ್ಯ ಮನಸ್ಸಿನಲ್ಲಿ ಏನೆಂದುಕೊಂಡಿರಬೇಡ! ಕಿವಿಯ ಮೇಲೆ ಹೂವಿಟ್ಟು ಕಳಿಸಿದ್ದರು. ಬೆಳಿಗ್ಗೆ ಗಾಳಿ ನೋಡ್ಕೋ ಅಂದದ್ದೂ ಅದಕ್ಕೇ. ಹೆಂಡತಿಗೆ ಹೇಳಬಹುದಾದದ್ದು ಅದೊಂದೇ, ಉಳಿದದ್ದು ಅವರ ಹೊಟ್ಟೆಯಲ್ಲೇ ಇರಬೇಕಿತ್ತು.

ಆಮೇಲೆ ಬಂದವರು ಬಂದ ಹಾಗೇ ದಾಟಿ ಹೋದರು. ಕೂಗಿ ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಒಬ್ಬ ದಪ್ಪನೆಯ ಮನುಷ್ಯ, ಎಲ್ಲರಿಗಿಂತ ಹಿಂದೆ ಏದುಸಿರು ಬಿಡುತ್ತ ಬರುತ್ತಿದ್ದವನು, ತಾನಾಗಿ ನಿಂತು ಒಂದು ಸಾಧಾರಣ ಕಪ್ಪು ಟ್ಯೂಬನ್ನೂ ಪಂಪನ್ನೂ ಕೊಟ್ಟ. ಹಾಕಿಕೊಂಡು ಹೊರಟಳು. ಬಿಟ್ಟುಬಿಡಬಹುದಾಗಿತ್ತು, ಬಿಡಲಿಲ್ಲ. ಓಟದ ಅರ್ಧದಲ್ಲಿ ಮಂಡಿ ಬೇಡ ಬೇಡ ಎಂದು ಚೀರಿತು. ಹಲ್ಲು ಕಚ್ಚಿ, ಕಾಲೆಳೆದುಕೊಂಡು, ಬಾಳೆಹಣ್ಣಿನ ಸಿಪ್ಪೆ ಗುಡಿಸುತ್ತಿದ್ದವರ ನಡುವೆ ಕೊನೆಯ ಗೆರೆ ದಾಟಿದಳು.

ಮೇಷ್ಟ್ರು ಟವಲು, ಬಿಸಿ ಚಹಾದ ಫ್ಲಾಸ್ಕು ಹಿಡಿದು ನಿಂತಿದ್ದರು. ಮುಖ ಬಾಡಿತ್ತು. "ಏನಾಯ್ತೇ? ಎಲ್ಲಾದ್ರೂ ಬಿದ್ದೆಯಾ? ಎದೆ ಹೊಡ್ಕೋತಾ ಇತ್ತು ನನಗೆ."

ಅವಳು ಬೆನ್ನಿನ ಜೇಬಿನಿಂದ ಗುಲಾಬಿ ಟ್ಯೂಬು ತೆಗೆದು ಅವರ ಅಂಗೈಯಲ್ಲಿ ಇಟ್ಟಳು. ಅವರು ಅದನ್ನೂ ಅವಳನ್ನೂ ನೋಡಿದರು.

"ಒಳ್ಳೇದಕ್ಕೇ ಮಾಡಿದ್ದು ಕಣೇ. ಆ ಟೈರು ಎಗರಿ ನೀನೆಲ್ಲಾದ್ರೂ ಬಿದ್ದು ಗಿದ್ದು..."

"ಹಾಕಿದ್ದು ಹಾಕಿದ್ರಿ, ಹೋಗ್ಲಿ," ಎಂದಳು. ದನಿ ಅವಳಿಗೇ ಗುರುತು ಸಿಗದಷ್ಟು ಸಣ್ಣದಾಗಿತ್ತು. "ಒಂದು ಮಾತು ಹೇಳ್ಬಾರದಾಗಿತ್ತಾ? ಒಳಗೆ ಟ್ಯೂಬಿದೆ ಅಂತ ಗೊತ್ತಿದ್ರೆ ಇನ್ನೊಂದು ಟ್ಯೂಬು ಜೊತೇಲಿ ಇಟ್ಕೊಳ್ತಿದ್ದೆ. ಆಯಮ್ಮ ಕೊಡೋಕ್ಕೆ ಬಂದ್ಲು, ಇಸ್ಕೊಳ್ತಿದ್ದೆ. ಹೇಳೋಕ್ಕೇನಾಗಿತ್ತು ನಿಮಗೆ?"

ಮೇಷ್ಟ್ರಿಗೆ ಆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. ಸುಳ್ಳಿಲ್ಲ, ಕಪಟವಿಲ್ಲ, ತೀರಾ ಸಹಜವಾಗಿ ಹೇಳಿದರು:

"ಹೇಳಿದ್ರೆ ನೀನು ಬೇಡ ಅಂತಿದ್ದೆಯಲ್ಲ."

ಅವಳ ಕಣ್ಣ ಮುಂದೆ ಕೆನೆಬಣ್ಣದ ಗೋಡೆ ಬಂತು, ಮಂಚದ ಕೆಳಗಿನ ಬಣ್ಣದ ಪೆಟ್ಟಿಗೆ ಬಂತು. ಇಷ್ಟು ವರ್ಷ ಹುಡುಕಿದರೂ ಸಿಗದಿದ್ದ ಉತ್ತರ ಇಷ್ಟೇನಾ! ಅವಳು ಚಹಾ ಮುಟ್ಟದೆ ಹೊರಟಳು. ಮನೆಗೆ ಬರುವ ದಾರಿಯಲ್ಲಿ ಮೇಷ್ಟ್ರು ಟ್ಯೂಬನ್ನು ಬೆಳಕಿಗೆ ಹಿಡಿದು, ಎಳೆದು, ತೂತು ನೋಡಿದರು. "ಇದಕ್ಕೆ ಪ್ಯಾಚ್ ಹಾಕ್ಬಹುದು," ಎಂದರು.

ಲಾಂಡ್ರಿಯಲ್ಲಿ ಯಾರೂ ತಮಾಷೆ ಮಾಡಲಿಲ್ಲ. ಓಟದಕ್ಕ ಅನ್ನುವುದನ್ನು ಎಲ್ಲರೂ ಬಿಟ್ಟು ಬರೀ ಅಕ್ಕ ಅಂದರು. ಅದು ಅವಳಿಗೆ ಇನ್ನಷ್ಟು ಚುಚ್ಚಿತು. ಮಂಡಿಗೆ ಪಟ್ಟಿ ಬಿಗಿದ ಡಾಕ್ಟರು, ಹೇಳಿದ್ದೆನಲ್ಲಮ್ಮ, ಇನ್ನು ಮುಗಿಯಿತು ಎಂದರು. ಮಗಳು ಫೋನು ಮಾಡಿ ಎಲ್ಲ ಕೇಳಿ, "ಅಮ್ಮಾ, ನನಗೇನೂ ಆಶ್ಚರ್ಯ ಆಗ್ತಿಲ್ಲ" ಎಂದಷ್ಟೇ ಹೇಳಿದಳು.

ಅಂಗಡಿಗೆ ರಜೆಯಿದ್ದ ದಿನ ಅವಳು ಒಬ್ಬಳೇ ಬೀಗ ತೆಗೆದು ಒಳಗೆ ಹೋದಳು. ಬಣ್ಣದ ಡಬ್ಬಿಗಳ ಹಿಂದೆ ಅವಳ ಹಾಲಿನ ಡಬ್ಬಿ ಮುಚ್ಚಳ ತೆರೆಯದೆ ಕೂತಿತ್ತು, ವಾಲ್ವಿನ ಪೊಟ್ಟಣವೂ ಅಲ್ಲೇ ಇತ್ತು. ಗೋಡೆಯಿಂದ ಚಕ್ರಗಳನ್ನು ಇಳಿಸಿ ನೆಲದ ಮೇಲೆ ಕೂತಳು. ಇನ್ನು ಯಾವ ಸ್ಪರ್ಧೆಗೂ ಹೋಗದ ಚಕ್ರಗಳು. ಟ್ಯೂಬು ಕಿತ್ತೆಸೆದು ಪೌಡರು ಒರೆಸಿದಳು. ವಾಲ್ವು ಕೂರಿಸುವುದು ತಿಳಿಯದೆ ಮೂರು ಸಲ ಬಿಚ್ಚಿದಳು. ಹಾಲು ಸುರಿಯುವಾಗ ಅರ್ಧ ಸೀರೆಯ ಮೇಲೆ, ಕಾಲು ಭಾಗ ನೆಲದ ಮೇಲೆ ಚೆಲ್ಲಿತು.

ಬಾಗಿಲಲ್ಲಿ ಮೇಷ್ಟ್ರು ಬಂದು ನಿಂತರು. ನೆಲ ನೋಡಿ ಅಯ್ಯಯ್ಯೋ ಅಂದರು. "ಹಾಗಲ್ಲ ಕಣೇ. ಟೈರು ಸೊಟ್ಟ ಕೂತಿದೆ. ಕೊಡಿಲ್ಲಿ, ನಾನು ಹಾಕ್ತೀನಿ. ಈ ಸಲ ನೀನು ಹೇಳಿದ ಹಾಗೇ ಹಾಕ್ತೀನಿ."

"ಆಯ್ತು," ಎಂದಳು ಅವಳು.

ಮೇಷ್ಟ್ರು ಕೈ ಚಾಚಿ ನಿಂತರು. ಅವಳು ತಲೆ ಎತ್ತಲಿಲ್ಲ, ಚಕ್ರವನ್ನೂ ಕೊಡಲಿಲ್ಲ. ಕಂಪ್ರೆಸರಿನ ಗುಂಡಿ ಒತ್ತಿ ಗಾಳಿ ಬಿಟ್ಟಳು. ಟೈರು ಟಪ್ ಟಪ್ ಎಂದು ರಿಮ್ಮಿಗೆ ಕಚ್ಚಿಕೊಂಡಿತು. ಅವಳು ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ಚಕ್ರ ಎಳೆದುಕೊಂಡಳು.